ನೇತ್ರಾಣಿಗೆ ಬೋಟ್ ಗೊತ್ತು ಮಾಡುವ ಮುನ್ನ: ಗಾಳ, ಸ್ನಾರ್ಕೆಲ್, ಡಾಲ್ಫಿನ್ ಒಂದೇ ದಿನದಲ್ಲಿ

ಮುರ್ಡೇಶ್ವರದಿಂದ ಕಡಲ ನಡುವಿನ ದ್ವೀಪವಾದ ನೇತ್ರಾಣಿ ಗುಡ್ಡಕ್ಕೆ ಸುಮಾರು 10 ನಾಟಿಕಲ್ ಮೈಲಿ, ಅಂದರೆ 18–19 ಕಿಲೋಮೀಟರ್. ಹತ್ತು ನಾಟ್ ವೇಗದ ಬೋಟಿಗೆ ಒಂದು ಗಂಟೆ, ಏಳು ನಾಟ್‌ನಲ್ಲಿ ತೆವಳುವ ಡೀಸೆಲ್ ಬೋಟಿಗೆ ಒಂದೂವರೆ ಗಂಟೆಯ ದಾರಿ. ತಲೆಗಿಷ್ಟು ಎಂದು ದುಡ್ಡು ಕೊಟ್ಟು ಗುಂಪಿನಲ್ಲಿ ಹೋಗುವವರಿಗೆ ಹೆಚ್ಚು ತಲೆನೋವಿಲ್ಲ, ಎಲ್ಲವನ್ನೂ ಸಂಸ್ಥೆಯವರೇ ನೋಡಿಕೊಳ್ಳುತ್ತಾರೆ. ಆರೆಂಟು ಜನ ಸೇರಿ ಇಡೀ ಬೋಟನ್ನೇ ಒಂದು ದಿನಕ್ಕೆ ಗೊತ್ತು ಮಾಡಿಕೊಂಡರೆ ಮಾತ್ರ ಕೆಲವು ನಿರ್ಧಾರಗಳು ನಿಮ್ಮ ತಲೆಗೇ ಬರುತ್ತವೆ. ಈ ಬರಹ ಅಂಥವರಿಗೆ.

ಮೊದಲನೆಯದು ತಿಂಗಳು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ದೋಣಿಗಳು ಕಡಲಿಗಿಳಿದರೂ ಅಲೆ ತಗ್ಗಿರುವುದಿಲ್ಲ. ಅಕ್ಟೋಬರ್‌ನಲ್ಲಿ ಕಡಲು ಶಾಂತವಾಗುತ್ತದೆ, ಆದರೆ ಹೊಳೆಗಳು ತಂದು ಸುರಿದ ಕೆಸರಿನ್ನೂ ನೀರಲ್ಲಿರುತ್ತದೆ. ಸ್ನಾರ್ಕೆಲ್, ಅಂದರೆ ಮಾಸ್ಕ್ ಮತ್ತು ಉಸಿರುನಳಿಗೆ ಹಾಕಿ ತೇಲುತ್ತ ನೀರೊಳಗೆ ನೋಡುವುದು, ಮುಖ್ಯವೆಂದಾದರೆ ಡಿಸೆಂಬರ್‌ನಿಂದ ಫೆಬ್ರವರಿ ನಡುವೆ ಹೋಗಿ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಬೆಚ್ಚಗಿರುತ್ತದೆ ನಿಜ. ಆದರೆ ಮಧ್ಯಾಹ್ನದ ಪಡುಗಾಳಿ ಜೋರು, ಸಾಲದ್ದಕ್ಕೆ ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಹುಟ್ಟಿದ ಉದ್ದಲೆಗಳು ಇಲ್ಲಿ ಗಾಳಿಯೇ ಇಲ್ಲದ ದಿನವೂ ಬಂದು ಬಡಿಯುತ್ತವೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಹಿಂದಿನ ಸಂಜೆ ಅದರ ಅಲೆ ಮುನ್ಸೂಚನೆ ನೋಡಿಯೇ ಮಲಗಿ. ಅಲೆ ಒಂದು ಮೀಟರ್ ಒಳಗಿದ್ದರೆ ಮಕ್ಕಳೂ ಬರಬಹುದು. ಒಂದೂವರೆ ಮೀಟರ್ ದಾಟಿದರೆ ಬೋಟು ತಲುಪುತ್ತದೆ, ಆದರೆ ಗುಡ್ಡದ ಬುಡದಲ್ಲಿ ನೀರಿಗಿಳಿಯುವ ಸ್ಥಿತಿ ಇರುವುದಿಲ್ಲ.

ತಿಂಗಳಾದ ಮೇಲೆ ತಿಥಿ. ಹುಣ್ಣಿಮೆ, ಅಮಾವಾಸ್ಯೆ ಮತ್ತು ಅದರ ಮರುದಿನಗಳಲ್ಲಿ ಉಬ್ಬರ ಇಳಿತದ ಅಂತರ ದೊಡ್ಡದು, ಸೆಳೆತವೂ ಹೆಚ್ಚು, ತಳದ ಮಣ್ಣು ಕದಡಿ ನೀರು ಮಂಕಾಗುತ್ತದೆ. ಅಷ್ಟಮಿ, ನವಮಿಯ ಆಸುಪಾಸಿನಲ್ಲಿ ಸೆಳೆತ ಕಡಿಮೆ. ಈಜಲು ಹೊಸಬರಿದ್ದರೆ ಪಂಚಾಂಗ ನೋಡಿಯೇ ದಿನ ಗೊತ್ತು ಮಾಡಿ, ರಜೆ ಯಾವಾಗ ಸಿಗುತ್ತದೆ ಎಂದು ನೋಡಿ ಅಲ್ಲ.

ಬೋಟು ಮತ್ತು ಕರಾರು

ಬಂದರಿನಲ್ಲಿ ನಿಂತು ಕೇಳಿದರೆ ಮೀನುಗಾರಿಕೆಯ ದೋಣಿಯವರೂ ಕಡಿಮೆ ಬಾಡಿಗೆಗೆ ಒಪ್ಪಬಹುದು. ಆದರೆ ಮೀನುಗಾರಿಕೆಗೆಂದು ನೋಂದಣಿಯಾದ ದೋಣಿಗೆ ಪ್ರಯಾಣಿಕರನ್ನು ಕರೆದೊಯ್ಯುವ ಪರವಾನಗಿ ಇರುವುದಿಲ್ಲ. ಏನಾದರೂ ಆದರೆ ವಿಮೆಯೂ ನಿಮಗೆ ದಕ್ಕುವುದಿಲ್ಲ. ಪ್ರಯಾಣಿಕರ ಬೋಟಿನ ಪರವಾನಗಿ, ಎಷ್ಟು ಜನ ಹತ್ತಬಹುದೆಂಬ ಸಂಖ್ಯೆ, ವಿಮೆಯ ಅವಧಿ ಮೂರನ್ನೂ ಕೇಳಿ ನೋಡಿ. ನೇತ್ರಾಣಿ ವಿಷಯದಲ್ಲಿ ಜಿಲ್ಲಾಡಳಿತದ ನಿಯಮ ಆಗಾಗ ಬದಲಾಗುವುದರಿಂದ, ಆ ಹೊತ್ತಿಗೆ ಅಲ್ಲಿಗೆ ಹೋಗಲು ಅನುಮತಿ ಇರುವ ಸಂಸ್ಥೆಯ ಮೂಲಕವೇ ಹೋಗುವುದು ಕ್ಷೇಮ. ಎಲ್ಲರ ಆಧಾರ್ ಕಾರ್ಡ್ ಕೈಲಿರಲಿ, ವಿದೇಶಿ ಪಾಸ್‌ಪೋರ್ಟಿನವರು ಅದನ್ನೇ ತರಲಿ. ಹೆಸರುಗಳ ಪಟ್ಟಿಯ ಒಂದು ಪ್ರತಿ ದಡದಲ್ಲಿ ಉಳಿಯಬೇಕು.

ಬಾಡಿಗೆ ಮಾತಾಡುವಾಗ ಇಂಧನ ಸೇರಿ ಎಷ್ಟು, ಸೇರದೆ ಎಷ್ಟು ಎಂದು ಬಿಡಿಸಿ ಕೇಳಿ. ಇಂಧನದ ಲೆಕ್ಕ ನಿಮಗೂ ಗೊತ್ತಿರಲಿ: 40 ಎಚ್‌ಪಿ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಪೂರ್ತಿ ತಿರುಗಿದರೆ ಗಂಟೆಗೆ 15 ಲೀಟರ್ ಮೇಲೇ ಕುಡಿಯುತ್ತದೆ. ಹೋಗಿ ಬರಲು ಎರಡು ಗಂಟೆಗೆ 30–35 ಲೀಟರ್, ಗಾಳ ಎಳೆಯುತ್ತ ನಿಧಾನ ಓಡಿಸಲು ಇನ್ನೊಂದೈದು. ಒಟ್ಟು 40 ಎಂದಿಟ್ಟುಕೊಂಡರೆ ಬೋಟಿನಲ್ಲಿ 60 ಇರಬೇಕು. ಹೋಗಲು ಒಂದು ಪಾಲು, ಬರಲು ಒಂದು ಪಾಲು, ಮುಟ್ಟದೆ ಇಡಲು ಒಂದು ಪಾಲು. ಬರುವಾಗ ಎದುರುಗಾಳಿ ಸಿಕ್ಕರೆ ಖರ್ಚು ಹೆಚ್ಚುತ್ತದೆ, ಮೂರನೇ ಪಾಲು ಇರುವುದು ಅದಕ್ಕೇ. ಎರಡನೇ ಎಂಜಿನ್ ಇದೆಯೇ, ಅದು ನಿಜಕ್ಕೂ ಶುರುವಾಗುತ್ತದೆಯೇ ಎಂಬುದನ್ನು ದಡದಲ್ಲೇ ಹೊಡೆಸಿ ನೋಡಿ.

ಎಲ್ಲಕ್ಕಿಂತ ಮುಖ್ಯವಾದ ಕರಾರು ಯಾರೂ ಬರೆಸಿಕೊಳ್ಳದ್ದು: ಹೊರಡುವುದು ಬೇಡ ಎಂದು ಬೋಟು ನಡೆಸುವ ತಾಂಡೇಲ ಹೇಳಿದರೆ ಅವನಿಗೆ ಎಷ್ಟು ಸಿಗುತ್ತದೆ? ಬೋಟು ಹೊರಟರೆ ಪೂರ್ತಿ ದುಡ್ಡು, ನಿಂತರೆ ಬಿಡಿಗಾಸೂ ಇಲ್ಲ ಎಂದಿದ್ದರೆ ಬಡವ ಹೊರಡುತ್ತಾನೆ. ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದ ಗುಂಪು ಬೇರೆ ಒತ್ತಾಯಿಸುತ್ತದೆ. ಹವಾಮಾನದಿಂದ ರದ್ದಾದರೆ ಬಾಡಿಗೆಯ ಕಾಲು ಭಾಗ ಅವನಿಗೆ, ಉಳಿದದ್ದು ವಾಪಸ್ ಅಥವಾ ಮರುದಿನಕ್ಕೆ ಜಮಾ ಎಂದು ಮೊದಲೇ ಒಪ್ಪಿಕೊಳ್ಳಿ. ಹಾಗೆಯೇ ಮರಳುವ ಸಮಯವನ್ನೂ ಅವನೇ ಹೇಳಬೇಕು. ಊರಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಬಂದವರಿಗೆ ಈ ಮಾತು ಸುಲಭ.

ಹತ್ತುವ ಮೊದಲು

ತಲೆಗೊಂದು ಲೈಫ್ ಜಾಕೆಟ್, ಅದಕ್ಕೊಂದು ಸೀಟಿ. ಜಾಕೆಟ್ ಹಾಕಿಸಿ, ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ. ಕಿವಿಯವರೆಗೆ ಏರಿದರೆ ನೀರಲ್ಲಿ ಕಳಚಿಕೊಳ್ಳುತ್ತದೆ ಎಂದರ್ಥ. ಮಕ್ಕಳಿಗೆ ತೊಡೆಸಂದಿಯಿಂದ ಬಿಗಿಯುವ ಪಟ್ಟಿ ಇರುವುದೇ ಆಗಬೇಕು. ಬೋಟಿನ ವಿಎಚ್‌ಎಫ್ ರೇಡಿಯೊ ಅಪಾಯದ ಕರೆಗೆಂದಿರುವ 16ನೇ ಚಾನೆಲ್‌ನಲ್ಲಿ ಮಾತಾಡುತ್ತದೆಯೇ ಕೇಳಿಸಿಕೊಳ್ಳಿ. ದಡ ದೂರವಾದಂತೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಸಿಕ್ಕರೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಹೊರದೇಶದಿಂದ ಬರುವ ನಮ್ಮವರಿಗೆ ಒಂದು ಮಾತು: ಅಲ್ಲಿ ಚಾರಣಕ್ಕೆ ಒಯ್ಯುವ ಗಾರ್ಮಿನ್ ಇನ್‌ರೀಚ್‌ನಂಥ ಉಪಗ್ರಹ ಸಾಧನ, ಸ್ಯಾಟಲೈಟ್ ಫೋನ್ ಇವನ್ನು ಅನುಮತಿಯಿಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದವರಿದ್ದಾರೆ.

ಕಡಲ ವಾಂತಿಗೆ ಅವೊಮಿನ್ ಮಾತ್ರೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಅದನ್ನು ನುಂಗುವ ಹೊತ್ತು. ತಲೆ ಸುತ್ತಿದ ಮೇಲೆ ನುಂಗಿದರೆ ಮಾತ್ರೆಯೂ ಹೊರಗೇ ಬರುತ್ತದೆ. ಹೊರಡುವ ಒಂದೆರಡು ಗಂಟೆ ಮೊದಲು ತೆಗೆದುಕೊಳ್ಳಬೇಕು, ನಿದ್ದೆ ಬರಿಸುತ್ತದೆಂಬುದು ನೆನಪಿರಲಿ. ಮಕ್ಕಳು, ಬಸುರಿಯರು ವೈದ್ಯರನ್ನು ಕೇಳದೆ ಬೇಡ. ಖಾಲಿ ಹೊಟ್ಟೆಯೂ ಕೆಟ್ಟದ್ದೇ, ಬನ್ಸ್ ಭಾಜಿಯೂ ಕೆಟ್ಟದ್ದೇ. ಎರಡು ಇಡ್ಲಿ ಅಥವಾ ಒಂದು ಮುಷ್ಟಿ ಅವಲಕ್ಕಿ ಸಾಕು. ಬೋಟಿನ ಮೂತಿಯ ಕಡೆ ಕುಣಿತ ಹೆಚ್ಚು, ನಡುವಿನಿಂದ ಹಿಂದಕ್ಕೆ ಹೊಗೆ ಬಾರದ ಮಗ್ಗುಲಲ್ಲಿ ಕೂತು ದಿಗಂತ ನೋಡಬೇಕು. ಮೊಬೈಲ್ ನೋಡುತ್ತ ಕೂತವರೇ ಮೊದಲು ಮಲಗುವುದು.

ದಿನದ ಅನುಕ್ರಮ

ಬೆಳಿಗ್ಗೆ ನೆಲದ ಕಡೆಯಿಂದ ತೆಳ್ಳನೆಯ ಮೂಡುಗಾಳಿ. ಹನ್ನೊಂದು, ಹನ್ನೆರಡರ ಹೊತ್ತಿಗೆ ಅದು ಸತ್ತು ಪಡುಗಾಳಿ ಏಳುತ್ತದೆ. ಇಡೀ ದಿನದ ಯೋಜನೆ ಈ ತಿರುವಿನ ಸುತ್ತಲೇ ನಿಲ್ಲಬೇಕು. ಬೆಳಿಗ್ಗೆ ಆರೂವರೆಗೆ ಹೊರಟು ಮಧ್ಯಾಹ್ನ ಒಂದರೊಳಗೆ ದಡಕ್ಕೆ ಮರಳುವುದು ಸರಿಯಾದ ಲೆಕ್ಕ. ಒಂಬತ್ತಕ್ಕೆ ತಿಂಡಿ ಮುಗಿಸಿ ಹೊರಡುವವರು ಒಳ್ಳೆಯ ಕಡಲನ್ನು ದಡದಲ್ಲೇ ಕಳೆದುಕೊಂಡಿರುತ್ತಾರೆ.

ಡಾಲ್ಫಿನ್ ನೋಡಲು ನೇತ್ರಾಣಿಯವರೆಗೆ ಹೋಗಬೇಕಿಲ್ಲ. ನಮ್ಮ ಕರಾವಳಿಯಲ್ಲಿ ಹೆಚ್ಚು ಕಾಣುವ ಗೂನುಬೆನ್ನಿನ ಡಾಲ್ಫಿನ್ ಆಳ ಕಡಿಮೆ ಇರುವ ದಡದಂಚಿನ ಪ್ರಾಣಿ. ಶರಾವತಿ, ಅಘನಾಶಿನಿ, ಕಾಳಿ ಹೊಳೆಗಳ ಅಳಿವೆಯಲ್ಲಿ ಮೀನಿನ ಹಿಂದೆ ಓಡಾಡುತ್ತದೆ. ಡಾಲ್ಫಿನ್ನೇ ಮುಖ್ಯವಾದರೆ ಹೊನ್ನಾವರ ಅಥವಾ ಕಾರವಾರದ ಕಡೆ ಎರಡು ಗಂಟೆಯ ಪ್ರತ್ಯೇಕ ಸುತ್ತು ಮಾಡಿ. ಕಂಡಾಗ 50 ಮೀಟರ್ ದೂರದಲ್ಲಿ ವೇಗ ತಗ್ಗಿಸಿ, ಅವು ಹೋಗುವ ದಿಕ್ಕಿಗೆ ಸಮನಾಗಿ ನಡೆಯಿರಿ. ಎದುರಿಗೆ ಅಡ್ಡ ಹಾಕುವುದು, ಗುಂಪಿನ ನಡುವೆ ನುಗ್ಗುವುದು, ಶಿಳ್ಳೆ ಹೊಡೆಯುವುದು ಯಾವುದೂ ಬೇಡ. ಅಟ್ಟಿಸಿಕೊಂಡು ಹೋದರೆ ಮುಳುಗಿ ಎಲ್ಲೋ ಏಳುತ್ತವೆ, ಸುಮ್ಮನೆ ನಿಂತ ಬೋಟಿನ ಹತ್ತಿರ ತಾವೇ ಬರುವುದುಂಟು. ಡಾಲ್ಫಿನ್, ಆಮೆ, ಹವಳ, ತಿಮಿಂಗಿಲ ಶಾರ್ಕ್ ಎಲ್ಲವೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಸತ್ತ ಹವಳದ ಚೂರನ್ನು ಜೇಬಿಗಿಳಿಸಿದರೂ ಅಪರಾಧವೇ.

ಗುಡ್ಡದ ಹತ್ತಿರ ಬಂದಾಗ ಗಾಳಿಗೆ ಮರೆಯಾದ ಮಗ್ಗುಲಲ್ಲಿ ನಿಲ್ಲಬೇಕು: ಮೂಡುಗಾಳಿಗೆ ಪಡುವಣ ಬದಿ, ಪಡುಗಾಳಿಗೆ ಮೂಡಣ ಬದಿ. ಹವಳದ ಮೇಲೆ ಲಂಗರು ಹಾಕಿಸಬೇಡಿ. ಕಬ್ಬಿಣದ ಕೊಕ್ಕೆ ಒಮ್ಮೆ ಎಳೆದಾಡಿದರೆ ವರ್ಷಗಟ್ಟಲೆ ಬೆಳೆದದ್ದು ಪುಡಿ, ಕಲ್ಲಿನ ಸಂದಿಗೆ ಸಿಕ್ಕರೆ ಹಗ್ಗ ಕೊಯ್ಯುವುದೇ ದಾರಿ. ಮರಳಿರುವ ಜಾಗ ಸಿಕ್ಕರೆ ಹತ್ತು ಮೀಟರ್ ಆಳಕ್ಕೆ ನಲವತ್ತು ಮೀಟರ್ ಹಗ್ಗ ಬಿಡಿ. ಸಿಗದಿದ್ದರೆ ಜನ ನೀರಲ್ಲಿರುವಷ್ಟು ಹೊತ್ತೂ ತಾಂಡೇಲ ಎಂಜಿನ್ ಪಕ್ಕದಲ್ಲೇ ಇದ್ದು ಬೋಟನ್ನು ದೂರ ಹಿಡಿದಿರಬೇಕು. ಯಾರೇ ಏಣಿಯ ಹತ್ತಿರ ಬಂದರೂ ಎಂಜಿನ್ ಪೂರ್ತಿ ಆರಬೇಕು, ನ್ಯೂಟ್ರಲ್ ಸಾಲದು. ದ್ವೀಪದ ಮೇಲೆ ಹತ್ತುವ ಆಸೆ ಬಿಡಿ. ನೌಕಾಪಡೆ ಅದನ್ನು ಗುಂಡಿನ ಗುರಿಯಾಗಿ ಬಳಸಿದ್ದರಿಂದ ಸಿಡಿಯದ ಮದ್ದುಗುಂಡು ಅಲ್ಲಿ ಸಿಕ್ಕಿದೆ. ಅಭ್ಯಾಸವಿರುವ ದಿನ ಹತ್ತಿರವೂ ಹೋಗುವಂತಿಲ್ಲ. ಬಂಡೆಯ ಮೇಲಿನ ಬಿಳಿಹೊಟ್ಟೆಯ ಕಡಲ ಹದ್ದನ್ನು ಬೋಟಿನಿಂದಲೇ ದುರ್ಬೀನು ಹಾಕಿ ನೋಡಿ.

ಮಾಸ್ಕ್ ಆರಿಸುವುದು ಹೀಗೆ: ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು ಕೈಬಿಡಿ. ಬೀಳದೆ ನಿಂತರೆ ಅದು ನಿಮ್ಮದು. ಮೀಸೆಯವರಿಗೆ ಮೂಗಿನ ಬುಡದಲ್ಲಿ ನೀರು ಜಿನುಗುತ್ತದೆ. ಪಟ್ಟಿ ಬಿಗಿದಷ್ಟೂ ರಬ್ಬರಿನ ಅಂಚು ಮಡಿಚಿಕೊಂಡು ಇನ್ನಷ್ಟು ಸೋರುತ್ತದೆಯೇ ಹೊರತು ನಿಲ್ಲುವುದಿಲ್ಲ. ಮೂಗಿನ ಕೆಳಗೆ ಮೂರು ನಾಲ್ಕು ಮಿಲಿಮೀಟರ್ ಅಗಲದ ಒಂದು ಗೆರೆ ಬೋಳಿಸಿದರೆ ಮೀಸೆಯೂ ಉಳಿಯುತ್ತದೆ, ಸೋರಿಕೆಯೂ ನಿಲ್ಲುತ್ತದೆ. ಅದೂ ಬೇಡವೆಂದರೆ ಸಿಲಿಕೋನ್ ಗ್ರೀಸ್ ಸವರಿ. ಮಂಜು ಕಟ್ಟದಿರಲು ಒಳಗಾಜಿಗೆ ಒಂದು ಹನಿ ಬೇಬಿ ಶಾಂಪೂ ತಿಕ್ಕಿ ಕಡಲ ನೀರಲ್ಲಿ ಒಮ್ಮೆ ಅದ್ದಬೇಕು. ಹೊಚ್ಚ ಹೊಸ ಮಾಸ್ಕಿಗೆ ಮನೆಯಲ್ಲೇ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ತಂದಿರಬೇಕು, ಇಲ್ಲದಿದ್ದರೆ ಕಾರ್ಖಾನೆಯ ಪೊರೆ ಹೋಗದೆ ಏನು ಹಚ್ಚಿದರೂ ಮಂಜು. ಇಡೀ ಮುಖ ಮುಚ್ಚುವ ಮಾಸ್ಕ್ ಆರಾಮವೆನಿಸಿದರೂ ಬೇಡ. ಒಳಗೆ ನೀರು ನುಗ್ಗಿದಾಗ ಹೊಸಬರಿಗೆ ಅದನ್ನು ತಕ್ಷಣ ಕಿತ್ತುಹಾಕಲು ಆಗುವುದಿಲ್ಲ.

ಇಬ್ಬಿಬ್ಬರ ಜೋಡಿ, ಬೋಟಿನಿಂದ ಐವತ್ತು ಮೀಟರ್ ಒಳಗೆ, ಮೊದಲು ಸೆಳೆತದ ಎದುರಿಗೆ. ಸುಸ್ತಾದಾಗ ನೀರೇ ಬೋಟಿನ ಕಡೆ ತಳ್ಳುತ್ತದೆ. ಗಿಣಿಮೀನು, ಚಿಟ್ಟೆಮೀನು, ಬಂಡೆಯ ಬುಡದ ಮುರುಮೀನು ಮೇಲಿನಿಂದಲೇ ಕಾಣುತ್ತವೆ. ಹವಳದ ಮೇಲೆ ನಿಲ್ಲಬಾರದು: ಹವಳಕ್ಕೆ ಪೆಟ್ಟು, ಸಂದಿಯಲ್ಲಿ ಸೀ ಅರ್ಚಿನ್, ಸಿಂಹಮೀನು ಇದ್ದರೆ ಕಾಲಿಗೂ ಪೆಟ್ಟು. ಬೆನ್ನು ಸುಡದಿರಲು ಕ್ರೀಮಿನ ಬದಲು ತುಂಬುತೋಳಿನ ಈಜು ಅಂಗಿ ಹಾಕಿ. ಲೋಳೆಮೀನು ಸೋಕಿದರೆ ಉಜ್ಜಬೇಡಿ, ಸಿಹಿನೀರೂ ಬೇಡ. ಕಡಲ ನೀರಲ್ಲೇ ತೊಳೆದು, ಎಳೆಗಳನ್ನು ಚಿಮಟದಿಂದ ತೆಗೆದು, ತಾಳುವಷ್ಟು ಬಿಸಿನೀರಲ್ಲಿ, ಅಂದರೆ ಸುಮಾರು 45 ಡಿಗ್ರಿಯಲ್ಲಿ, ಇಪ್ಪತ್ತು ಮೂವತ್ತು ನಿಮಿಷ ಇಡಿ. ಸಿಂಹಮೀನು, ತೊರಕೆ (ಸ್ಟಿಂಗ್‌ರೇ) ಚುಚ್ಚಿದರೂ ಇದೇ ಬಿಸಿನೀರು. ಒಂದು ಥರ್ಮಾಸ್ ಬಿಸಿನೀರು ಚಹಾಕ್ಕೆ ಮಾತ್ರವಲ್ಲ. ಉಸಿರಾಟಕ್ಕೆ ತೊಂದರೆ ಕಂಡರೆ ಅಲ್ಲಿಗೆ ದಿನ ಮುಗಿಸಿ ದಡಕ್ಕೆ ಓಡಿ.

ಗಾಳ

ಈಜುವವರು ನೀರಲ್ಲಿರುವಾಗ ಗಾಳ ಚೀಲದಲ್ಲೇ ಇರಲಿ. ಗುಡ್ಡದ ಬುಡದಲ್ಲಿ ಹಾಕುವುದೇ ಬೇಡ, ದಾರಿಯಲ್ಲಿ ಎಳೆಯಿರಿ. ಅಂಜಲ್ (ಸುರಮಯಿ) ಹುಡುಕುವವರು ಐದಾರು ನಾಟ್ ವೇಗದಲ್ಲಿ, ಬೋಟಿನಿಂದ 25–30 ಮೀಟರ್ ಹಿಂದೆ, ಮುಳುಗಿ ಓಡುವ ಹುಸಿಮೀನು ಬಿಡಬೇಕು. ಎರಡು ಗಾಳ ಹಾಕಿದರೆ ಒಂದನ್ನು ಹತ್ತು ಮೀಟರ್ ಗಿಡ್ಡ ಬಿಡಿ, ತಿರುಗುವಾಗ ಸಿಕ್ಕುಬೀಳುವುದಿಲ್ಲ. ಅಂಜಲಿನ ಹಲ್ಲು ನೈಲಾನ್ ದಾರವನ್ನು ಒಂದೇ ಕಚ್ಚಿಗೆ ತುಂಡರಿಸುತ್ತದೆ. ಅದಕ್ಕೇ ಗಾಳದ ಮುಂದೆ ಒಂದು ಗೇಣು ಉಕ್ಕಿನ ತಂತಿ. 30 ಪೌಂಡ್ ದಾರಕ್ಕೆ ರೀಲಿನ ಡ್ರ್ಯಾಗನ್ನು (ದಾರ ಬಿಚ್ಚಿಕೊಳ್ಳದಂತೆ ಹಿಡಿಯುವ ಬಿರಿಯನ್ನು) ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ಮೂರೂವರೆ ಕಿಲೋಗೆ ನಿಲ್ಲಿಸಿ, ಆಮೇಲೆ ಮುಟ್ಟಬೇಡಿ. ಮೀನು ಕಚ್ಚಿ ರೀಲು ಕಿರುಚಿದೊಡನೆ ಡ್ರ್ಯಾಗ್ ಬಿಗಿಯುವುದೇ ಎಲ್ಲರ ಕೈಯ ಮೊದಲ ಚಪಲ. ದಾರ ಕಡಿಯುವುದೂ ಆ ಕ್ಷಣದಲ್ಲೇ. ಓಡಲು ಬಿಟ್ಟು, ನಿಂತಾಗ ಸುತ್ತಿಕೊಳ್ಳಿ. ಮೀನುಗಾರರ ಬಲೆಯ ಬೆಂಡು ಕಂಡರೆ ಸುತ್ತಿ ಹೋಗಿ, ಅವರ ಬಲೆಗೆ ನಿಮ್ಮ ಗಾಳ ಸಿಕ್ಕರೆ ನಷ್ಟ ಅವರದು.

ಮೀನು ಸಿಕ್ಕ ಮೇಲಿನ ಕೆಲಸದಲ್ಲೇ ಹೆಚ್ಚಿನವರು ಎಡವುವುದು. ಅಂಜಲ್, ಬಂಗುಡೆ, ಕೇದಾರ್ (ಟ್ಯೂನಾ) ಇವು ಬಿಸಿಲಲ್ಲಿ ಬಿದ್ದಿದ್ದರೆ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಅದು ಕುದಿಸಿದರೂ ಹುರಿದರೂ ಹೋಗುವುದಿಲ್ಲ, ಕೆಲವೊಮ್ಮೆ ವಾಸನೆಯೂ ಬರುವುದಿಲ್ಲ. ತಿಂದ ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ ತಲೆ ಸಿಡಿಯುತ್ತದೆ. ಸಿಕ್ಕ ತಕ್ಷಣ ಕಿವಿರಿನ ಬಳಿ ಕೊಯ್ದು ರಕ್ತ ಬಸಿದು, ಕರುಳು ತೆಗೆದು, ಹೊಟ್ಟೆಯೊಳಗೂ ಪುಡಿ ಐಸ್ ತುಂಬಿ. ಕಿಲೋ ಮೀನಿಗೆ ಕಿಲೋ ಐಸ್. ಬಂದರಿನ ಐಸ್ ಪ್ಲಾಂಟಿನಿಂದ ಬೆಳಿಗ್ಗೆಯೇ ತುಂಬಿಸಿಕೊಂಡರೆ ಅಗ್ಗ. ಕರಗಿದ ನೀರು ಬಸಿದುಹೋಗಲು ಡಬ್ಬಿಯ ತೂತು ತೆಗೆದಿರಲಿ. ಬೆಂಗಳೂರಿಗೆ ಒಯ್ಯುವುದಾದರೆ ದಡಕ್ಕೆ ಬಂದೊಡನೆ ಐಸ್ ಬದಲಿಸಿ, ಶಿರಸಿಯಲ್ಲೋ ಶಿವಮೊಗ್ಗದಲ್ಲೋ ಇನ್ನೊಮ್ಮೆ ನೋಡಿ.

ರೀಲು, ಮಾಸ್ಕ್, ಫಿನ್ ಅದೇ ದಿನ ಸಿಹಿನೀರು ಕಾಣಬೇಕು. ರೀಲಿಗೆ ಪೈಪಿನ ನೀರು ರಭಸದಿಂದ ಬಿಟ್ಟರೆ ಉಪ್ಪು ಒಳಗೇ ಹೋಗಿ ಕೂರುತ್ತದೆ. ಡ್ರ್ಯಾಗ್ ಬಿಗಿದು, ಮೇಲಿನಿಂದ ಸಣ್ಣಗೆ ಚಿಮುಕಿಸಿ, ಒರೆಸಿ, ಆಮೇಲೆ ಡ್ರ್ಯಾಗ್ ಪೂರ್ತಿ ಸಡಿಲಿಸಿ ನೆರಳಲ್ಲಿ ಒಣಗಿಸಿ.