ಫ್ರೆಂಚ್ ಕಾದಂಬರಿಯನ್ನು ಫ್ರೆಂಚಿನಲ್ಲೇ ಓದೋದು ಹೇಗೆ?

ಫ್ರೆಂಚ್ ಲೇಖಕ ಅಲ್ಬೇರ್ ಕಮೂ ಬರೆದ ‘ಲೆತ್ರಾಂಜೆ’ ಕಾದಂಬರಿ 1942ರಲ್ಲಿ ಬಂತು. ಅದರ ಮೊದಲ ವಾಕ್ಯದಲ್ಲಿರುವುದು ನಾಲ್ಕೇ ಪದ: ‘ಓಜೂರ್ದ್ವಿ, ಮಮಾಂ ಎ ಮೋರ್ತ್’. ಇವತ್ತು ಅಮ್ಮ ಸತ್ತಳು. 1946ರಲ್ಲಿ ಬಂದ ಇಂಗ್ಲಿಷ್ ಅನುವಾದದಲ್ಲಿ ಈ ‘ಮಮಾಂ’ ‘ಮದರ್’ ಆಯಿತು. ಮನೆಯಲ್ಲಿ ಕೂಗಿ ಕರೆಯುವ ಪದ ಹೋಗಿ ಅರ್ಜಿಯಲ್ಲಿ ಬರೆಯುವ ಪದ ಬಂದು ಕೂತಿತು. 1988ರ ಇನ್ನೊಂದು ಅನುವಾದ ಸೋತು ‘ಮಮಾಂ’ ಅಂತಲೇ ಉಳಿಸಿಕೊಂಡಿತು. ನಮಗೆ ಆ ಕಷ್ಟವೇ ಇಲ್ಲ, ಅಲ್ವಾ? ನಮ್ಮಲ್ಲಿ ‘ಅಮ್ಮ’ ಇದೆ.

ಫ್ರೆಂಚ್ ಕಲಿತು ಕಾದಂಬರಿಗೆ ಕೈಹಾಕುವ ಕನ್ನಡಿಗರಿಗೆ ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ. ಅರ್ಥವನ್ನು ಮೊದಲು ಇಂಗ್ಲಿಷಿಗೆ ತಂದು ಆಮೇಲೆ ಕನ್ನಡಕ್ಕೆ ಇಳಿಸಬೇಡಿ. ನೇರವಾಗಿ ಕನ್ನಡಕ್ಕೆ ತನ್ನಿ. ದಾರಿ ಹತ್ತಿರವಾಗುತ್ತದೆ, ದಾರಿಯಲ್ಲಿ ಚೆಲ್ಲುವುದೂ ಕಡಿಮೆ.

ಎಷ್ಟು ಫ್ರೆಂಚ್ ಬಂದರೆ ಸಾಕು? ಭಾಷಾ ಕಲಿಕೆಯ ಆರು ಮಟ್ಟಗಳಲ್ಲಿ ಎರಡನೆಯದಾದ ಎ2 ಮುಗಿಸಿ ಮೂರನೆಯದಾದ ಬಿ1ಗೆ ಕಾಲಿಟ್ಟಿದ್ದರೆ ಶುರು ಮಾಡಬಹುದು. ಬೆಂಗಳೂರಿನ ವಸಂತನಗರದ ಅಲಿಯಾನ್ಸ್ ಫ್ರಾಂಸೇಜ್‌ನಲ್ಲಿ ತರಗತಿಗಳು ನಡೆಯುವುದು ಇದೇ ಮಟ್ಟಗಳ ಲೆಕ್ಕದಲ್ಲಿ. ಪಿಯುಸಿಯಲ್ಲಿ ಫ್ರೆಂಚ್ ತಗೊಂಡು ಮರೆತವರು ಕ್ರಿಯಾಪದಗಳನ್ನು ಒಂದೆರಡು ತಿಂಗಳು ತಿದ್ದಿಕೊಂಡು ಬನ್ನಿ.

ಮೊದಲ ಪುಸ್ತಕ ಯಾವುದು ಅನ್ನುವಲ್ಲಿ ತುಂಬ ಜನ ಎಡವುತ್ತಾರೆ. ಮಕ್ಕಳ ಪುಸ್ತಕ ಅಂತ ‘ಲ ಪೆತಿ ಪ್ರಾನ್ಸ್’ ಹಿಡಿಯುತ್ತಾರೆ. ಹೆಸರು ಕೇಳಿ ‘ಮದಾಮ್ ಬೋವಾರಿ’ ಹಿಡಿಯುವವರೂ ಇದ್ದಾರೆ. ಎರಡರಲ್ಲೂ ‘ಪಾಸೆ ಸಾಂಪ್ಲ್’ ಅನ್ನುವ ಭೂತಕಾಲ ಬರುತ್ತದೆ. ಅದು ಬರವಣಿಗೆಯಲ್ಲಿ ಮಾತ್ರ ಉಳಿದಿರುವ ರೂಪ, ಮಾತಿನಲ್ಲಿ ಇಲ್ಲ. ನಾವು ‘ಬಂದ’ ಅನ್ನುತ್ತೇವೆ, ಹಳೆಯ ಕಾದಂಬರಿಯಲ್ಲಿ ‘ಬಂದನು’ ಅಂತ ಇರುತ್ತದೆ. ಸುಮಾರಾಗಿ ಅಂಥದೇ ವ್ಯತ್ಯಾಸ. ಕಮೂ ಈ ಕಾದಂಬರಿಯನ್ನು ಹೇಳಿದ್ದು ಹೆಚ್ಚುಕಡಿಮೆ ಪೂರ್ತಿ ‘ಪಾಸೆ ಕೊಂಪೋಜೆ’ಯಲ್ಲಿ, ಅಂದರೆ ಜನ ಮಾತಾಡುವ ಭೂತಕಾಲದಲ್ಲಿ. ವಾಕ್ಯಗಳೂ ಪುಟ್ಟವು. ಎರಡು ಭಾಗ, ಒಟ್ಟು ಹನ್ನೊಂದೇ ಅಧ್ಯಾಯ. ನನ್ನ ಪ್ರಕಾರ ಶುರು ಮಾಡಲು ಇದಕ್ಕಿಂತ ಒಳ್ಳೆಯ ಪುಸ್ತಕ ಇಲ್ಲ.

ಪುಸ್ತಕ ದುಬಾರಿ ಅನ್ನಿಸಿದರೆ ಇದು ಗೊತ್ತಿರಲಿ. ಕಮೂ ತೀರಿಕೊಂಡಿದ್ದು 1960ರಲ್ಲಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕಾಪಿರೈಟ್ ಇರುತ್ತದೆ. ಹಾಗಾಗಿ ಮೂಲ ಫ್ರೆಂಚ್ ಪಠ್ಯ 2021ರಿಂದ ಇಲ್ಲಿ ಮುಕ್ತವಾಗಿದೆ. ಫ್ರಾನ್ಸಿನಲ್ಲಿ 70 ವರ್ಷದ ಲೆಕ್ಕ, ಅಲ್ಲಿ ಇನ್ನೂ ಆಗಿಲ್ಲ.

ಈಗ ಪುಸ್ತಕ ತೆರೆಯಿರಿ. ಅಮ್ಮ ಇದ್ದ ವೃದ್ಧಾಶ್ರಮ ಅಲ್ಜೀರ್ಸ್‌ನಿಂದ 80 ಕಿಲೋಮೀಟರ್ ದೂರದ ಮಾರೆಂಗೋದಲ್ಲಿದೆ. ಕತೆ ಹೇಳುವ ಮರ್ಸೋ ಎರಡು ಗಂಟೆಯ ಬಸ್ ಹಿಡಿಯುತ್ತಾನೆ. ಮೊದಲ ದಿನ ಅವನು ಬಸ್ ಹತ್ತುವವರೆಗೆ ಸಾಕು. ಡಿಕ್ಷನರಿ ಮುಟ್ಟದೆ ಒಂದು ಸಲ ಓದಿ. ಯಾರು, ಎಲ್ಲಿ, ಏನಾಯಿತು, ಇಷ್ಟು ತಿಳಿದರೆ ಸರಿ. ಎರಡನೇ ಸಲ ಪೆನ್ಸಿಲ್ ಹಿಡಿದು ಕ್ರಿಯಾಪದಗಳಿಗೆ ಮಾತ್ರ ಗೆರೆ ಎಳೆಯಿರಿ. ಮೂರನೇ ಸಲಕ್ಕೆ ಡಿಕ್ಷನರಿ. ಅದೂ ಫ್ರೆಂಚಿನಿಂದ ಫ್ರೆಂಚಿಗೆ ಇರುವಂಥದ್ದು. ಲಾರೂಸ್ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಗೊತ್ತಿಲ್ಲದ ಪ್ರತಿ ಪದಕ್ಕೂ ಓಡಬೇಡಿ. ವಾಕ್ಯ ನಿಂತೇಹೋದಾಗ, ಇಲ್ಲವೇ ಅದೇ ಪದ ಮೂರನೇ ಸಲ ಎದುರಾದಾಗ ನೋಡಿ.

ಗೊತ್ತಿರುವ ಪದಗಳೇ ಜಾಸ್ತಿ ಕೈಕೊಡುತ್ತವೆ. ವೃದ್ಧಾಶ್ರಮದ ಕಾವಲುಗಾರ ಓಡಿ ಬಂದು, ‘ನೀವು ನೋಡಬೇಕಾದರೆ ಬಿಯೇರ್‌ನ ಸ್ಕ್ರೂ ಬಿಚ್ಚಬೇಕು’ ಅನ್ನುತ್ತಾನೆ. ಬಿಯೇರ್ ಅಂದರೆ ಬಿಯರ್ ಅಂತ ತರಗತಿಯಲ್ಲಿ ಕಲಿತಿದ್ದೆ. ಇಲ್ಲಿ ಬಂದು ನಿಂತುಬಿಟ್ಟೆ. ಬಿಯರಿಗೆ ಸ್ಕ್ರೂ ಎಲ್ಲಿಂದ ಬಂತು? ಲಾರೂಸ್ ತೆಗೆದರೆ ಅದೇ ಕಾಗುಣಿತದ ಇನ್ನೊಂದು ಪದ ಇತ್ತು. ಅರ್ಥ ಶವಪೆಟ್ಟಿಗೆ. ಪೆಟ್ಟಿಗೆ ಆಗಲೇ ಮುಚ್ಚಿದೆ, ಮಗ ಬಂದಿದ್ದಾನೆ, ತೆರೆಯಲಾ ಅಂತ ಕಾವಲುಗಾರ ಕೇಳುತ್ತಿದ್ದಾನೆ. ಮಗ ಬೇಡ ಅನ್ನುತ್ತಾನೆ. ತಡವರಿಸಿ ಓದಿದ್ದಕ್ಕೇ ಇರಬೇಕು, ಆ ‘ಬೇಡ’ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ನಮಗೆ ನಿಜವಾಗಿ ಕಷ್ಟವಾಗುವುದು ಲಿಂಗ. ಕನ್ನಡದಲ್ಲಿ ವಸ್ತು ಅಂದರೆ ‘ಅದು’, ಮುಗಿಯಿತು. ಫ್ರೆಂಚಿನಲ್ಲಿ ಸೂರ್ಯ ಗಂಡು, ಸಮುದ್ರ ಹೆಣ್ಣು, ಶವಪೆಟ್ಟಿಗೆಯೂ ಹೆಣ್ಣು. ‘ಎಲ್’ ಅಂತ ಬಂದಾಗ ಅದು ಅವಳೋ, ಯಾವುದಾದರೂ ವಸ್ತುವೋ ಅಂತ ಹಿಂದಿನ ವಾಕ್ಯಕ್ಕೆ ಹೋಗಿ ನೋಡಿ.

ಆದರೆ ‘ತ್ಯು’ ಮತ್ತು ‘ವು’ ನಮಗೆ ಹುಟ್ಟಿನಿಂದಲೇ ಗೊತ್ತು: ನೀನು ಮತ್ತು ನೀವು. ಮೂರನೇ ಅಧ್ಯಾಯದಲ್ಲಿ ಪಕ್ಕದ ಮನೆಯ ರೇಮೋಂ ಮರ್ಸೋ ಕೈಯಲ್ಲಿ ಒಂದು ಪತ್ರ ಬರೆಸುತ್ತಾನೆ. ಒಬ್ಬಳು ಹೆಣ್ಣನ್ನು ಬಲೆಗೆ ಕೆಡಹುವ ಪತ್ರ. ಬರೆದಾದ ಮೇಲೆ ಮಾತು ‘ನೀನು’ಗೆ ತಿರುಗಿರುತ್ತದೆ. ಮರ್ಸೋಗೆ ಅದು ತಕ್ಷಣ ಗಮನಕ್ಕೂ ಬರುವುದಿಲ್ಲ. ಇದಕ್ಕೆ ಕಮೂ ಬಳಸಿದ ಕ್ರಿಯಾಪದ ‘ತ್ಯುತ್ವಾಯೆ’. ಇಂಗ್ಲಿಷಿನಲ್ಲಿ ಇರುವುದು ಒಂದೇ ‘ಯೂ’, ಅನುವಾದಕರು ಸುತ್ತಿ ಬಳಸಿ ಹೋಗಬೇಕು. ನಾವು ‘ಏಕವಚನದಲ್ಲಿ ಮಾತಾಡಿಸಿದ’ ಅನ್ನುತ್ತೇವೆ. ಹಾಗೆ ಯಾರಾದರೂ ಏಕಾಏಕಿ ಏಕವಚನಕ್ಕೆ ಇಳಿದರೆ ನಮ್ಮ ಕಿವಿಗೆ ಹೇಗೆ ತಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಅಧ್ಯಾಯ ಮುಗಿದ ಮೇಲೆ ಕೇಳಿ. 1954ರಲ್ಲಿ ಕಮೂ ಫ್ರೆಂಚ್ ರೇಡಿಯೋಗಾಗಿ ಈ ಕಾದಂಬರಿಯನ್ನು ತಾವೇ ಓದಿದ್ದಾರೆ. ಆ ದನಿಮುದ್ರಣ ಸಿಗುತ್ತದೆ. ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಅವರ ಜೊತೆ ಸಾಗಿ.

ಮೊದಲ ಭಾಗ ಮುಗಿಯುವುದು ಸಮುದ್ರದ ದಂಡೆಯಲ್ಲಿ, ಉರಿಬಿಸಿಲಿನಲ್ಲಿ. ಮರ್ಸೋ ಒಂದು ಗುಂಡು ಹೊಡೆದಿದ್ದಾನೆ. ಆಮೇಲೆ ಇನ್ನೂ ನಾಲ್ಕು. ಅಲ್ಲಿ ‘ಜೆ ತಿರೆ’ ಅನ್ನುತ್ತಾನೆ: ಹೊಡೆದೆ. ಮುಗಿದುಹೋದ ಕೆಲಸ. ಅದರ ಮುಂದಿನ, ಕೊನೆಯ ವಾಕ್ಯದಲ್ಲಿ ಕ್ರಿಯಾಪದದ ಕಾಲ ಬದಲಾಗುತ್ತದೆ. ‘ಜ ಫ್ರಾಪೆ’: ಕೇಡಿನ ಬಾಗಿಲನ್ನು ನಾಲ್ಕು ಸಲ ಬಡಿಯುತ್ತಿದ್ದೆ. ಹೊಡೆದೆ, ಬಡಿಯುತ್ತಿದ್ದೆ. ಎರಡೂ ರೂಪ ಕನ್ನಡದಲ್ಲಿ ಹಾಗೇ ಇವೆ. ಇಲ್ಲಿಗೆ ಬಂದಾಗ ಡಿಕ್ಷನರಿ ಪಕ್ಕಕ್ಕಿಟ್ಟು ಆ ಎರಡು ವಾಕ್ಯಗಳನ್ನು ಫ್ರೆಂಚಿನಲ್ಲೇ ಜೋರಾಗಿ ಓದಿ.