ತಲೆಮರೆಸಿಕೊಂಡವರ ಥ್ರಿಲ್ಲರ್: ಸಣ್ಣ ಊರಲ್ಲಿ ಕಥೆ ಕಟ್ಟುವುದು ಹೇಗೆ

ತಲೆಮರೆಸಿಕೊಂಡವರು ಊರವರಿಗೆ ಏನು ನೆಪ ಹೇಳಿ ಬಂದಿದ್ದಾರೆ ಅನ್ನೋದನ್ನು ಮೊದಲು ತೀರ್ಮಾನಿಸಿ. ತೀರ್ಥಹಳ್ಳಿ ಕಡೆಯ ಕಥೆಯಾದರೆ, ಕೊಯ್ಲಿನ ಕಾಲವೇ ಅಲ್ಲದ ಜೂನ್‌ನಲ್ಲಿ ‘ಅಡಿಕೆ ಕೊನೆ ಕೊಯ್ಲಿಗೆ ಬಂದ್ವಿ’ ಅಂದರೆ ಓದುಗರೇ ನಗುತ್ತಾರೆ.

ಸುಳಿವು ಕೊಡುವುದು ಪೊಲೀಸರ ಜೀಪಲ್ಲ, ಹಾಲಿನ ಲೆಕ್ಕ. ಒಂಟಿ ಅಜ್ಜಿ ಕಾಲು ಲೀಟರ್ ಒಯ್ಯುತ್ತಿದ್ದವರು ಒಂದೂವರೆ ಲೀಟರ್ ಕೇಳಿದರೆ ಡೇರಿಯವನು ಬಿಡುತ್ತಾನಾ? ‘ನೆಂಟರು ಬಂದಿದಾರಾ ಅಜ್ಜಿ?’ ಈ ಪ್ರಶ್ನೆ ಮೊದಲ 30 ಪುಟದೊಳಗೇ ಬರಲಿ.

ಕಾನೂನಲ್ಲಿ ಎಡವುವವರೇ ಹೆಚ್ಚು. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 84ರ ಉದ್ಘೋಷಣೆ, ಅಂದರೆ ತಲೆಮರೆಸಿಕೊಂಡವರು ಹಾಜರಾಗಬೇಕೆಂಬ ಕೋರ್ಟಿನ ಬಹಿರಂಗ ಪ್ರಕಟಣೆ, ಹೊರಟರೆ ಹಾಜರಾಗಲು ಕನಿಷ್ಠ 30 ದಿನ. ಕಥೆಯ ಗಡಿಯಾರ ಅದೇ. ಆಶ್ರಯ ಕೊಟ್ಟವರಿಗೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 249 ಬೀಳುತ್ತದೆ, ಗಂಡ-ಹೆಂಡತಿಗೆ ಮಾತ್ರ ವಿನಾಯಿತಿ. ಹಾಗಾಗಿ ಬಚ್ಚಿಟ್ಟವಳನ್ನು ಹೆಂಡತಿ ಮಾಡಬೇಡಿ, ಅಕ್ಕನನ್ನಾಗಿಸಿ. 2024ರ ಜುಲೈ 1ಕ್ಕಿಂತ ಹಿಂದಿನ ಕಥೆಗೆ ಇವುಗಳ ಬದಲು ಆಗಿನ ಹಳೆಯ ಕಾನೂನುಗಳಾದ ಸಿಆರ್‌ಪಿಸಿ 82, ಐಪಿಸಿ 212.