ಅಪ್ಪ-ಅಮ್ಮಂದಿರ ಗುಂಪಿಗೆ ಕ್ವಿಬೆಕ್ ಸಿಟಿ ತೋರಿಸಿದ ನನ್ನ ಅನುಭವ

ಊರಿನಿಂದ ಆರು ತಿಂಗಳಿಗೆಂದು ಬಂದ ಅಪ್ಪ-ಅಮ್ಮಂದಿರಿಗೆ ಒಮ್ಮೆ ನಯಾಗರಾ ತೋರಿಸಿ, ಉಳಿದ ಕಾಲವೆಲ್ಲ ಮಾಲ್‌ಗಳಲ್ಲಿ ನಡೆದಾಡಿಸುವುದು ಟೊರಾಂಟೊ ಕಡೆಯ ನಮ್ಮವರ ರೂಢಿ. ಹನ್ನೆರಡು ಮಂದಿ ಹಿರಿಯರನ್ನು ಕ್ವಿಬೆಕ್ ಸಿಟಿಗೆ ಕರೆದೊಯ್ಯುತ್ತೇನೆ ಎಂದಾಗ ಗೆಳೆಯರು ನಕ್ಕರು. 'ಊರೆಲ್ಲ ಏರುತಗ್ಗು, ಊಟವೆಲ್ಲ ಮಾಂಸ, ಮಾತೆಲ್ಲ ಫ್ರೆಂಚ್. ಎರಡನೆಯ ದಿನವೇ ಅನ್ನ-ಸಾರು ಬೇಕು ಎನ್ನುತ್ತಾರೆ ನೋಡು.' ಮೊದಲ ಎರಡು ಸಲ ಅವರು ಹೇಳಿದ್ದೇ ಆಯಿತು. ಮೂರನೆಯದು ಕೂಡಿಬಂತು. ಈಗ ಐದು ಮುಗಿಸಿದ್ದೇನೆ. ನಕ್ಕವರಲ್ಲಿ ಇಬ್ಬರು ತಮ್ಮ ಅತ್ತೆ-ಮಾವಂದಿರನ್ನು ನನ್ನ ಜೊತೆಗೇ ಕಳಿಸಿದ್ದರು.

ವ್ಯಾನು, ವಿಮೆ, ಬಾಡಿಗೆ ಮನೆಗಳ ವಿಚಾರ ನಿಮಗೆಲ್ಲ ಗೊತ್ತಿರುವುದೇ. ಎಂಟುನೂರು ಕಿಲೋಮೀಟರನ್ನು ಒಂದೇ ದಿನ ಓಡಿಸಬೇಡಿ ಎಂದಷ್ಟೇ ಹೇಳುತ್ತೇನೆ.

ಮೊದಲ ಸಲದ ಪೆಟ್ಟು ಒಂದು ಪದದಿಂದ ಬಿತ್ತು. ನಾನು ಬೆಂಗಳೂರಿನಲ್ಲಿ ಕಲಿತದ್ದು ಫ್ರಾನ್ಸಿನ ಫ್ರೆಂಚ್. ಅಲ್ಲಿ 'ದಿನೇ' ಎಂದರೆ ರಾತ್ರಿಯೂಟ. ಕ್ವಿಬೆಕ್‌ನಲ್ಲಿ ಅದು ಮಧ್ಯಾಹ್ನದ ಊಟ, ರಾತ್ರಿಯದು 'ಸುಪೇ'. ಶನಿವಾರ, ದಿನೇ, ಹನ್ನೆರಡು ಜನ ಎಂದು ಫೋನಿನಲ್ಲಿ ಗತ್ತಿನಿಂದ ಹೇಳಿ ಮುಂಗಡ ಕಟ್ಟಿದೆ. ಅವರು ಹನ್ನೆರಡು ಗಂಟೆಗೆ ಮೇಜು ಹಾಕಿ ಕಾದರು. ನಾವು ಹಸಿದುಕೊಂಡು ಹೋದದ್ದು ಸಂಜೆ ಏಳಕ್ಕೆ. ನೂರಿಪ್ಪತ್ತು ಡಾಲರ್ ಹೋಯಿತು. ಅದೇ ರಾತ್ರಿ ಪೂಟೀನ್ ಅಂಗಡಿಗೆ ನುಗ್ಗಿದೆವು. ಹುರಿದ ಆಲೂಗಡ್ಡೆ, ಗಿಣ್ಣಿನ ತುಂಡು, ಮೇಲೆ ಕಂದು ಸಾರು, ಇದರಲ್ಲೇನಿದೆ ಎಂದುಕೊಂಡೆ. ಆ ಸಾರನ್ನು ಸಾಮಾನ್ಯವಾಗಿ ಮಾಂಸದ ರಸದಿಂದ ಮಾಡುತ್ತಾರೆಂಬುದು ನೆನಪಾದಾಗ ಏಳು ಮಂದಿ ಸಸ್ಯಾಹಾರಿಗಳು ಅರ್ಧ ತಿಂದಾಗಿತ್ತು. ಒಬ್ಬ ತಾಯಿ ಮರುದಿನ ಉಪವಾಸ ಮಾಡಿದರು. ತಪ್ಪು ಪೂರ್ತಿ ನನ್ನದು.

ಆ ಸಲ ತಲೆಗೆ ಸುಮಾರು 620 ಡಾಲರ್ ಬಿತ್ತು. ಈಗ 380ರ ಆಸುಪಾಸಿನಲ್ಲಿ ಮುಗಿಸುತ್ತೇನೆ. ದಿನವನ್ನೇ ತಲೆಕೆಳಗು ಮಾಡಿದ್ದರಿಂದ ಇದು ಸಾಧ್ಯವಾಯಿತು. ದೊಡ್ಡ ಊಟ ಮಧ್ಯಾಹ್ನ: ಅದೇ ಅಡುಗೆಮನೆ, ಅದೇ ಬಾಣಸಿಗ, ಆದರೆ ಸಂಜೆ ಐವತ್ತರ ಹತ್ತಿರ ಹೋಗುವ 'ತಾಬ್ಲ್ ದೋತ್', ಅಂದರೆ ನಿಗದಿತ ಬೆಲೆಯ ಪೂರ್ತಿ ಊಟ, ಹಗಲಿನಲ್ಲಿ ಇಪ್ಪತ್ತೈದಕ್ಕೆ ಸಿಗುತ್ತದೆ. ಇದರ ಮೇಲೆ ಹದಿನೈದು ಪ್ರತಿಶತ ತೆರಿಗೆ, ಅಷ್ಟೇ ಟಿಪ್ಸ್ ಕೂಡುತ್ತದೆಂದರೆ ಉಳಿತಾಯ ಎಷ್ಟೆಂದು ನೀವೇ ಲೆಕ್ಕ ಹಾಕಿ. ಊಟವಾದ ಮೇಲೆ ಮನೆಗೆ ಬಂದು ಎರಡು ಗಂಟೆ ನಿದ್ದೆ. ಸಂಜೆ ನಾನೇ ಉಪ್ಪಿಟ್ಟು ಕೆದಕುತ್ತೇನೆ. ಆಮೇಲೆ ಊರು ನೋಡಲು ಹೊರಡುವುದು. ಏಳು ಗಂಟೆಗೆ ಸುಸ್ತಾಗಿ ಕೂರುತ್ತಿದ್ದವರು ಹತ್ತೂವರೆಯವರೆಗೆ ನಡೆದರು.

ಸಸ್ಯಾಹಾರಿಗಳನ್ನು ಬದುಕಿಸುವುದು ಕ್ರೇಪ್, ಅಂದರೆ ನಮ್ಮ ದೋಸೆಯ ಫ್ರೆಂಚ್ ದಾಯಾದಿ. ಒಂದು ಪುಟ್ಟ ಅಂಗಡಿಯವರು ನಮ್ಮ ಗುಂಪು ಬಂದರೆ ಪ್ರತ್ಯೇಕ ಕಾವಲಿ ಇಡುತ್ತಾರೆ. ಅದರ ಹೆಸರು ಹೇಳುವುದಿಲ್ಲ, ಕೋಪಿಸಿಕೊಳ್ಳಬೇಡಿ.

ಏರುತಗ್ಗಿನ ವಿಚಾರದಲ್ಲೂ ಲೆಕ್ಕ ತಪ್ಪಿದ್ದೆ. ಊರಿನ ಮೇಲ್ಭಾಗದಿಂದ ಕೆಳಗಿನ ಪೆಟಿ ಶಾಂಪ್ಲೇನ್ ಬೀದಿಗೆ ಮೆಟ್ಟಿಲಿನಲ್ಲಿ ಇಳಿಸಿ, ಬರುವಾಗ ಮಾತ್ರ ಫ್ಯುನಿಕ್ಯುಲರ್, ಅಂದರೆ ಕಡಿದಾದ ಇಳಿಜಾರಿನ ಹಳಿಯ ಮೇಲೆ ಏರಿಳಿಯುವ ಪೆಟ್ಟಿಗೆ, ಹತ್ತಿಸಿದರೆ ಅರ್ಧ ದುಡ್ಡು ಉಳಿಯುತ್ತದೆ ಎಂದುಕೊಂಡೆ. ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಶತ್ರು ಎಂದು ಆಮೇಲೆ ತಿಳಿಯಿತು. ಆ ಮೆಟ್ಟಿಲಿನ ಹೆಸರೇ 'ಕಾಸ್-ಕು', ಕುತ್ತಿಗೆ ಮುರುಕ! 1879ರಿಂದ ಓಡುತ್ತಿರುವ ಆ ಪೆಟ್ಟಿಗೆಯಲ್ಲಿ ಈಗ ಎರಡೂ ಕಡೆಗೆ ಟಿಕೆಟ್ ತೆಗೆಯುತ್ತೇನೆ.

ನೋಡುವುದರಲ್ಲಿ ಹಿರಿಯರಿಗೆ ಏನು ಹಿಡಿಸುತ್ತದೆಂದು ಮೊದಲೇ ಹೇಳಲಾಗದು. ಶಾತೋ ಫ್ರೊಂತೆನಾಕ್ ಕಂಡು 'ಯಾವ ರಾಜನ ಅರಮನೆ?' ಎಂದರು. ರೈಲ್ವೆ ಕಂಪನಿಯೊಂದು 1893ರಲ್ಲಿ ತೆರೆದ ಹೋಟೆಲ್ ಎಂದರೆ ನಂಬಲಿಲ್ಲ. 83 ಮೀಟರಿನ ಮಾಂಟ್‌ಮೊರೆನ್ಸಿ ಜಲಪಾತ ನಯಾಗರಾಕ್ಕಿಂತ ಎತ್ತರ ಎಂದು ಎದೆಯುಬ್ಬಿಸಿ ತೋರಿಸಿದೆ; ಸಾಗರದ ಒಬ್ಬರು 'ಜೋಗ ನೋಡಿದ್ದೀಯಾ?' ಎಂದು ಬಾಯಿ ಮುಚ್ಚಿಸಿದರು. ಅಬ್ರಹಾಂ ಮೈದಾನ ಬರೀ ಹುಲ್ಲು, ಬಿಟ್ಟುಬಿಡೋಣ ಎಂದಿದ್ದೆ. ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರು ಅಲ್ಲೇ ಮುಕ್ಕಾಲು ಗಂಟೆ ಪಾಠ ಮಾಡಿದರು. 1759ರಲ್ಲಿ ಇಲ್ಲಿ ಇಂಗ್ಲಿಷರು ಫ್ರೆಂಚರನ್ನು ಸೋಲಿಸಿದರು, ಎರಡೂ ಕಡೆಯ ಸೇನಾಪತಿಗಳು ಸತ್ತರು; ಮರುವರ್ಷವೇ ನಮ್ಮ ತಮಿಳುನಾಡಿನ ವಾಂಡಿವಾಶ್‌ನಲ್ಲಿ ಅದೇ ಜಗಳದ ಇನ್ನೊಂದು ಕೊನೆ. ಅದುವರೆಗೆ ಇದು ಯಾರದೋ ಊರು ಎಂದು ನೋಡುತ್ತಿದ್ದವರು ಅಲ್ಲಿಂದ ಪ್ರಶ್ನೆ ಕೇಳತೊಡಗಿದರು.

ರಾತ್ರಿಜೀವನ ಎಂದರೆ ಗ್ರಾಂದ್ ಆಲೇ ಬೀದಿಯ ಕ್ಲಬ್ಬುಗಳು ಎಂದು ಎಲ್ಲರೂ ಹೇಳುತ್ತಾರೆ. ಎರಡನೆಯ ಸಲ ಅಲ್ಲಿಗೆ ಕರೆದೊಯ್ದು ಹತ್ತು ನಿಮಿಷದಲ್ಲಿ ಹೊರಬಂದೆವು. ಎದೆಯೊಳಗೇ ಡೋಲು ಬಡಿದಂತಾಯಿತು ಎಂದರು ನನ್ನ ತಂದೆ. ಈಗಿನ ಕ್ರಮ ಬೇರೆ. ಕತ್ತಲಾಗುವ ಹೊತ್ತಿಗೆ ನದಿಯಾಚೆಯ ಲೇವಿ ಊರಿಗೆ ಹೋಗುವ ದೋಣಿ. ಹೋಗುವುದಕ್ಕೆ ಹನ್ನೆರಡು ನಿಮಿಷ, ನಾಲ್ಕು ಡಾಲರಿನ ಸುಮಾರು. ಹಿಂದಿರುಗುವಾಗ ದೀಪ ಹೊತ್ತಿದ ಕೋಟೆಯೂರು ಪೂರ್ತಿ ಎದುರಿಗೆ ಬರುತ್ತದೆ. ತೊಂಬತ್ತು ಡಾಲರಿನ ಭೋಜನದ ಹಡಗನ್ನೂ ಒಮ್ಮೆ ಹತ್ತಿ ನೋಡಿದ್ದೇನೆ. ಕಂಡದ್ದು ಇದೇ ನೋಟ, ಜೊತೆಗೆ ತಣ್ಣಗಾದ ಪಾಸ್ತಾ. ಅಲ್ಲಿಂದ ಸೇಂಟ್-ಜಾನ್ ಬೀದಿಯ ಬದಿಯಲ್ಲೊಂದು ಹಾಡಿನ ಪಬ್. ಇಲ್ಲಿನ ಜನಪದದಲ್ಲಿ ಒಬ್ಬ ಸಾಲು ಹೇಳಿದರೆ ಉಳಿದವರು ಅದನ್ನೇ ತಿರುಗಿ ಹಾಡುವ ಪದ್ಧತಿಯಿದೆ, ತಾಳಕ್ಕೆ ಕಾಲು ಕುಟ್ಟುತ್ತಾರೆ. ನಮ್ಮವರಿಗೆ ಯಾರೂ ವಿವರಿಸಬೇಕಾಗಲಿಲ್ಲ. ಭಜನೆಯ ಅಭ್ಯಾಸ! ಮೂರನೆಯ ಹಾಡಿಗೆ ಎಪ್ಪತ್ತೆರಡರ ಅಜ್ಜಿ, ಕೈಯಲ್ಲಿ ಕ್ರ್ಯಾನ್‌ಬೆರಿ ರಸ ಹಿಡಿದು, ಅರ್ಥವಾಗದ ಫ್ರೆಂಚನ್ನು ಶ್ರುತಿಯಲ್ಲಿ ಹೇಳುತ್ತಿದ್ದರು. ಹನ್ನೆರಡು ಜನಕ್ಕೆ ಮುಂದಿನ ಮೇಜು ಹೇಗೆ ಸಿಗುತ್ತದೆ ಎಂಬುದು ನನ್ನ ಗುಟ್ಟು. ಎಂಟು ಗಂಟೆಯೊಳಗೆ ಹೋಗಿ ಎಂಬಷ್ಟು ಬಿಟ್ಟುಕೊಡುತ್ತೇನೆ.

ಫೆಬ್ರವರಿಯಲ್ಲಿ ಕಾರ್ನಿವಲ್‌ಗೆಂದು ತಂದೆಯನ್ನು ಮಾತ್ರ ಕರೆದೊಯ್ದು ಒಂದು ಪ್ರಯೋಗ ಮಾಡಿದೆ. ಮೈನಸ್ 24, ಮೊಬೈಲ್ ಸತ್ತುಹೋಯಿತು. ಗುಂಪಿಗೆ ಆಗದ ಮಾತು. ಆದರೆ ಕುದಿಯುವ ಮೇಪಲ್ ಪಾಕವನ್ನು ಹಿಮದ ಮೇಲೆ ಸುರಿದು ಕಡ್ಡಿಗೆ ಸುತ್ತಿ ಕೊಟ್ಟಾಗ, ಆಲೆಮನೆಯ ಜೋನಿಬೆಲ್ಲ ತಿಂದು ಬೆಳೆದ ತಂದೆ ಅಂಗಡಿಯವನಿಗೆ ಕನ್ನಡದಲ್ಲೇ ಸಲಹೆ ಕೊಟ್ಟರು: 'ಪಾಕ ಇನ್ನೂ ಒಂದೆಳೆ ಬರಬೇಕಿತ್ತಪ್ಪ.' ಅವನು 'ವುಯಿ, ವುಯಿ' ಎಂದು ಇನ್ನೊಂದು ಕಡ್ಡಿ ಕೊಟ್ಟ, ದುಡ್ಡು ತೆಗೆದುಕೊಳ್ಳಲಿಲ್ಲ.